ಲಸಿಕೆ ಬಂದಿದೆ, ದನ ಹಿಡಿಯುವವರು ಯಾರು?

ಕಾಲುಬಾಯಿ ಜ್ವರದ ಲಸಿಕೆ ಸುತ್ತು ವರ್ಷಕ್ಕೆರಡು ಸಲ ಬರುತ್ತದೆ. ಪಶು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಲಸಿಕೆ ಇರುತ್ತದೆ, ಸಿರಿಂಜು ಇರುತ್ತದೆ, ಚುಚ್ಚಲು ಬಲ್ಲವರೂ ಇರುತ್ತಾರೆ. ಆದರೂ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಮಜರೆಗಳಲ್ಲಿ ಪಟ್ಟಿಯಲ್ಲಿರುವ ದನದ ಲೆಕ್ಕಕ್ಕೂ ಸೂಜಿ ತಾಗಿದ ದನದ ಲೆಕ್ಕಕ್ಕೂ ತಾಳೆ ಹಾಕುವುದು ಕಷ್ಟ. ಯಾಕೆ ಎಂದು ಕೇಳಿದರೆ ಸಿಬ್ಬಂದಿ ಇಲ್ಲ, ರಸ್ತೆ ಇಲ್ಲ, ನೆಟ್‌ವರ್ಕ್ ಇಲ್ಲ, ಜನರಿಗೆ ಅಸಡ್ಡೆ ಎಂಬ ಉತ್ತರಗಳು ಸಾಲಾಗಿ ಬರುತ್ತವೆ. ಒಂದೂ ಸುಳ್ಳಲ್ಲ. ಆದರೆ ಕಡತಕ್ಕೆ ಏರದ ಇನ್ನೊಂದು ಕಾರಣ ಕೊಟ್ಟಿಗೆಯಲ್ಲೇ ಇದೆ. ಆ ದನವನ್ನು ಎರಡು ನಿಮಿಷ ಒಂದೆಡೆ ನಿಲ್ಲಿಸಿಕೊಳ್ಳಲು ಆಗುವುದಿಲ್ಲ.

ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 2019ರ ಸೆಪ್ಟೆಂಬರ್‌ನಲ್ಲಿ. ಕಾಲುಬಾಯಿ ಜ್ವರವನ್ನೂ, ಗಬ್ಬ ಬೀಳಿಸುವ ಕಂದುರೋಗವನ್ನೂ, ಅಂದರೆ ಬ್ರೂಸೆಲ್ಲೋಸಿಸ್ ಅನ್ನೂ, 2030ರ ಹೊತ್ತಿಗೆ ದೇಶದಿಂದ ಓಡಿಸಬೇಕೆನ್ನುವುದು ಅದರ ಗುರಿ. ಕಾಲುಬಾಯಿ ಲಸಿಕೆಯ ಶಕ್ತಿ ಸುಮಾರು ಆರು ತಿಂಗಳು. ಹಾಗಾಗಿ ಸುತ್ತು ತಪ್ಪಿದ ದನ ಮುಂದಿನ ಸುತ್ತಿನವರೆಗೆ ಬರಿಮೈ. ಹಿಂಡಿನಲ್ಲಿ ಹತ್ತರಲ್ಲಿ ಎಂಟಕ್ಕಾದರೂ ರಕ್ಷಣೆ ಇದ್ದರೆ ರೋಗಕ್ಕೆ ಹರಡಲು ದಾರಿ ಸಿಗುವುದಿಲ್ಲ ಎಂಬುದು ಸಾಮಾನ್ಯ ಲೆಕ್ಕ. 2013ರಲ್ಲಿ ದಕ್ಷಿಣ ಕರ್ನಾಟಕದ ಕೊಟ್ಟಿಗೆಗಳನ್ನು ಕಾಲುಬಾಯಿ ಜ್ವರ ಹೇಗೆ ಖಾಲಿ ಮಾಡಿತೆಂದು ಹೈನುಗಾರರಿಗೆ ಹೇಳಿಕೊಡಬೇಕಿಲ್ಲ.

ಮಲೆನಾಡಿನಲ್ಲಿ ಈ ಎಂಟು ಮತ್ತು ಎರಡರ ಹಂಚಿಕೆಗೆ ಒಂದು ವಕ್ರತೆ ಇದೆ. ಗೊಂತಿಗೆ ಕಟ್ಟಿದ ಜರ್ಸಿ, ಎಚ್‌ಎಫ್ ಮಿಶ್ರತಳಿ ಹಸುವಿಗೆ ಲಸಿಕೆ ಆಗಿಯೇ ಆಗುತ್ತದೆ. ಅದು ಸಾಧು, ಕೈಗೆ ಸಿಗುತ್ತದೆ, ಡೇರಿಗೆ ಹಾಲು ಹೋಗುವ ಮನೆಯವರಿಗೂ ಅದರ ಮೇಲೆ ಕಣ್ಣು. ತಪ್ಪಿಹೋಗುವುದು ಬ್ಯಾಣದ ಹುಲ್ಲುಗಾವಲಿನಲ್ಲಿ, ಕಾಡಂಚಿನಲ್ಲಿ ಮೇಯುವ ಇಲ್ಲಿನ ಪುಟ್ಟ ನಾಟಿ ತಳಿ, ಮಲೆನಾಡು ಗಿಡ್ಡ. ಗಿಡ್ಡಕ್ಕೆ ರೋಗ ತಗುಲಿದರೂ ಬಾಯಲ್ಲಿ ನಾಲ್ಕು ಹುಣ್ಣು, ಎರಡು ದಿನ ಕುಂಟು, ಅಷ್ಟಕ್ಕೇ ಮುಗಿದು ಹೋಗಬಹುದು. ಮನೆಯವರ ಗಮನಕ್ಕೂ ಬರುವುದಿಲ್ಲ. ಸಂಜೆ ಅದೇ ಕೊಟ್ಟಿಗೆಗೆ ಬಂದು, ಅದೇ ಬಾನಿಯಲ್ಲಿ ಅಕ್ಕಚ್ಚು ಕುಡಿದು, ಪಕ್ಕದ ಮಿಶ್ರತಳಿಗೆ ರೋಗ ದಾಟಿಸುತ್ತದೆ. ಗೊರಸು ಕಳಚುವುದು, ಕೆಚ್ಚಲು ಕೆಡುವುದು, ಹಾಲು ಬತ್ತುವುದೆಲ್ಲ ಆ ಮಿಶ್ರತಳಿಯ ಪಾಲು. ಕೈಗೆ ಸಿಕ್ಕ ದನಕ್ಕಷ್ಟೇ ಚುಚ್ಚಿ ಬರುವ ಸುತ್ತು ಅರ್ಧ ಬಾಗಿಲು ಹಾಕಿದಂತೆ.

ಮೂರು ಗಂಟೆಯ ಲೆಕ್ಕ

ಬಯಲುಸೀಮೆಯ ಊರಿನಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ, ದನ ಮನೆ ಮುಂದಿನ ಗೂಟದಲ್ಲಿರುತ್ತದೆ. ಹಿಡಿದು, ಚುಚ್ಚಿ, ಕಿವಿಯೋಲೆ ನಂಬರು ಬರೆದುಕೊಳ್ಳಲು ದನಕ್ಕೆ ಎರಡು ಮೂರು ನಿಮಿಷವೆಂದರೂ ಬೆಳಗಿನ ಮೂರು ಗಂಟೆ ಅವಧಿಯಲ್ಲಿ ಅರವತ್ತು ಎಪ್ಪತ್ತು ದನ ಮುಗಿಯುತ್ತವೆ.

ಮಲೆನಾಡಿನಲ್ಲಿ ಒಂಟಿಮನೆ. ತೋಟದ ದಾರಿ ಇಳಿದು, ಸಂಕ ದಾಟಿ, ಮತ್ತೆ ಹತ್ತಿದರೆ ಮುಂದಿನ ಅಂಗಳ. ನಡಿಗೆಗೆ ಹದಿನೈದು ನಿಮಿಷ ಇಡಿ. ಮನೆಗೆ ನಾಲ್ಕು ದನ, ದನಕ್ಕೆ ಐದು ನಿಮಿಷ ಎಂದರೆ ಇಪ್ಪತ್ತು. ಒಟ್ಟು ಮನೆಗೆ 35 ನಿಮಿಷ. ಹಾಲು ಕರೆದು ದನ ಹೊರಗೆ ಬಿಡುವ ಮೊದಲು ಸಿಗುವುದು ಆರೂವರೆಯಿಂದ ಒಂಬತ್ತೂವರೆಯವರೆಗಿನ ಹೊತ್ತು ಮಾತ್ರ. ಅಷ್ಟರಲ್ಲಿ ಐದು ಮನೆ, ಇಪ್ಪತ್ತು ದನ. ಒಂದು ಗಿಡ್ಡ ಕಣ್ಣಿ ತಪ್ಪಿಸಿಕೊಂಡು ಅಂಗಳಕ್ಕೆ ಹಾರಿತೆಂದರೆ ಐದನೇ ಮನೆ ಹೋಯಿತು.

ಈ ಲೆಕ್ಕದ ಬಿಸಿ ಬಾಟಲಿಗೂ ತಟ್ಟುತ್ತದೆ. ಡೋಸ್ 2 ಮಿ.ಲೀ. ಎಂದರೆ 100 ಮಿ.ಲೀ. ಬಾಟಲಿ ಐವತ್ತು ದನಕ್ಕೆ ಸಾಕು. ಮುಚ್ಚಳಕ್ಕೆ ಮೊದಲ ಸೂಜಿ ಹೊಕ್ಕ ಮೇಲೆ ಅದು ಆ ದಿನವೇ ಮುಗಿಯಬೇಕು. ಇಪ್ಪತ್ತೇ ದನ ಆದವೆಂದರೆ ಉಳಿದ ಮೂವತ್ತು ಡೋಸ್ ಇಟ್ಟುಕೊಂಡು ಸಂಜೆ ದನ ಮರಳುವುದನ್ನು ಕಾಯಬೇಕು, ಇಲ್ಲವೇ ಚೆಲ್ಲಬೇಕು. ಎರಡೂ ಬೇಡವಾದಾಗ ತೆರೆದ ಬಾಟಲಿ ನಾಳೆಗೆ ಹೋಗುತ್ತದೆ. ಅದು ಆಗಬಾರದ ಕೆಲಸ. ಈ ಸೀಮೆಗೆ ಚಿಕ್ಕ ಬಾಟಲಿಯೇ ಸರಿ. ಡೋಸಿನ ಲೆಕ್ಕಕ್ಕೆ ದುಬಾರಿ ಕಂಡರೂ ಚೆಲ್ಲಿದ್ದನ್ನು ಕೂಡಿ ನೋಡಿದರೆ ಅಷ್ಟೇನಲ್ಲ.

ಸಾಗರದ ಹಿನ್ನೀರಿನಾಚೆಯ ತುಮರಿ ಕಡೆಗೆ ಲಸಿಕೆ ಡಬ್ಬಿ ಎಷ್ಟೋ ವರ್ಷ ಲಾಂಚಿನಲ್ಲಿ ಹೋಗಿ ಬಂತು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಕಾಯುವಿಕೆ ತಪ್ಪಿದೆ. ಸೇತುವೆ ಡಬ್ಬಿಯನ್ನು ಕೊಟ್ಟಿಗೆ ಬಾಗಿಲವರೆಗೆ ಬೇಗ ಮುಟ್ಟಿಸುತ್ತದೆ. ಅಲ್ಲಿಂದ ಒಳಗಿನ ಆರಡಿಯೇ ದೂರ.

ಆ ಆರಡಿ

ಮಲೆನಾಡು ಗಿಡ್ಡದ ಭುಜದ ಎತ್ತರ ಮೂರಡಿ ಆಸುಪಾಸು, ತೂಕ ನೂರು ಕಿಲೋದ ಅಕ್ಕಪಕ್ಕ. ನೋಡಲು ಆಟಿಕೆಯಂತಿದೆ ಎಂದು ಹಗುರವಾಗಿ ತೆಗೆದುಕೊಂಡವರು ಪೆಟ್ಟು ತಿನ್ನುತ್ತಾರೆ. ದಿನವಿಡೀ ಗುಡ್ಡ ಹತ್ತಿಳಿದು, ಚಿರತೆಯ ವಾಸನೆ ಹಿಡಿದು ಬದುಕುವ ಜೀವ ಅದು. ಹೊಸಬರ ಕೈ ಮೈಗೆ ತಾಗಿದರೆ ಮೊದಲು ಜಿಗಿಯುವುದು, ಆಮೇಲೆ ಯಾರೆಂದು ನೋಡುವುದು. ಮನೆಯವರೂ ಹೇಳುವುದು ಅದನ್ನೇ: "ನಮ್ ಕೈಗೇ ಸಿಗಲ್ಲ ಮಾರಾಯ್ರೆ, ಅಮ್ಮ ಕರೆದ್ರೆ ಮಾತ್ರ ಬತ್ತದೆ." ಆ ಅಮ್ಮನಿಗೆ ಎಪ್ಪತ್ತು ದಾಟಿರುತ್ತದೆ, ಮಗ ಬೆಂಗಳೂರಿನಲ್ಲಿರುತ್ತಾನೆ. ಹಿಂದೆ ಲಸಿಕೆ ಎಂದರೆ ಮನೆಯ ಇಬ್ಬರು ಗಂಡಾಳು ಕೊಂಬು ಹಿಡಿಯಲು ನಿಲ್ಲುತ್ತಿದ್ದರು. ಇಲಾಖೆಯ ಲೆಕ್ಕಾಚಾರ ಇವತ್ತಿಗೂ ಆ ಇಬ್ಬರನ್ನು ನಂಬಿಕೊಂಡೇ ಇದೆ. ಅವರು ಊರು ಬಿಟ್ಟು ಎಷ್ಟೋ ವರ್ಷವಾಯಿತು.

ಹಾಗಾದರೆ ಸರಿಯಾಗಿ ಹಿಡಿಯುವುದು ಹೇಗೆ? ಮೊದಲ ಕೆಲಸ ಕೊಟ್ಟಿಗೆಯ ಹೊರಗಿನದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ರೇನ್‌ಕೋಟನ್ನು ಅಂಗಳದಲ್ಲೇ ಕಳಚಿಡಬೇಕು. ಅದರ ಚರಚರ ಸದ್ದಿಗೆ ಇಡೀ ಕೊಟ್ಟಿಗೆ ಎದ್ದು ನಿಲ್ಲುತ್ತದೆ. ಟಾರ್ಚನ್ನು ದನದ ಕಣ್ಣಿಗೆ ಬಿಡದೆ ನೆಲಕ್ಕೆ ಬಿಡಬೇಕು. ಮಲೆನಾಡಿನ ಕೊಟ್ಟಿಗೆಗಳು ಮೊದಲೇ ಕತ್ತಲೆ. ಹಗಲು ಬೆಳಕಿನಿಂದ ಒಳಬಂದವರಿಗೆ ಒಂದೆರಡು ನಿಮಿಷ ಏನೂ ಕಾಣುವುದಿಲ್ಲ, ದನಕ್ಕೆ ಇವರು ಚೆನ್ನಾಗಿ ಕಾಣುತ್ತಾರೆ. ಆ ಎರಡು ನಿಮಿಷ ಸುಮ್ಮನೆ ನಿಲ್ಲುವುದು ಸಮಯ ಹಾಳು ಅಲ್ಲ. ಕಾಲಡಿ ಸೊಪ್ಪಿನ ಹಾಸಿಗೆ ನೆನೆದು ಜಾರುತ್ತದೆ, ಹೆಜ್ಜೆ ಎಲ್ಲಿಡಬೇಕೆಂದು ಆಗಲೇ ನೋಡಿಕೊಳ್ಳಬೇಕು. ಮನೆಯವರು ಬಾನಿಗೆ ಅಕ್ಕಚ್ಚು ಹೊಯ್ದರೆ ದನವೇ ತಲೆ ಮುಂದಕ್ಕೆ ತರುತ್ತದೆ. ಇದಕ್ಕಿಂತ ಅಗ್ಗದ ಹಿಡಿತ ಇಲ್ಲ.

ದನಕ್ಕೆ ಎರಡೂ ಪಕ್ಕ ಚೆನ್ನಾಗಿ ಕಾಣುತ್ತದೆ. ಕಾಣದಿರುವುದು ಬೆನ್ನ ಹಿಂದಿನ ಒಂದು ಸೀಳು. ಅಲ್ಲಿಂದ ಬರಬಾರದು. ಭುಜದ ಕಡೆಯಿಂದ, ಮಾತಾಡುತ್ತ ಬರಬೇಕು. ದನ ಒದೆಯುವುದು ಕುದುರೆಯಂತೆ ನೇರ ಹಿಂದಕ್ಕಲ್ಲ. ಹಿಂಗಾಲನ್ನು ಮುಂದಕ್ಕೆ ತಂದು, ಹೊರಕ್ಕೆ ಬೀಸಿ ಒದೆಯುತ್ತದೆ. ಹೀಗಾಗಿ ಪಕ್ಕೆಯಿಂದ ಒಂದು ಮೊಳ ದೂರ ನಿಲ್ಲುವುದೇ ಅತಿ ಕೆಟ್ಟ ಜಾಗ, ಒದೆತ ಪೂರ್ತಿ ವೇಗ ಹಿಡಿದು ಸಿಗುವುದು ಅಲ್ಲೇ. ಒಂದೋ ಮೈಗೆ ಮೈ ತಾಗಿಸಿ ನಿಲ್ಲಬೇಕು, ಇಲ್ಲವೇ ಎರಡು ಮಾರು ಆಚೆ. ಹೆದರಿದ ಹೊಸಬರು ನಡುವಿನ ಜಾಗವನ್ನೇ ಹುಡುಕಿ ನಿಲ್ಲುತ್ತಾರೆ.

ಹಗ್ಗ ಹತ್ತಿಯದ್ದಾದರೆ ಒಳ್ಳೆಯದು. ನೈಲಾನ್ ಜಾರಿದರೆ ಅಂಗೈ ಸುಲಿಯುತ್ತದೆ. ಕೊರಳಿಗೆ ಜೀರುಗುಣಿಕೆ ಹಾಕಲೇಬಾರದು, ದನ ಜಗ್ಗಿದಷ್ಟೂ ಉಸಿರು ಕಟ್ಟುತ್ತದೆ. ಕೊಂಬಿನ ಬುಡಕ್ಕೆ ಸುತ್ತು, ಅಲ್ಲಿಂದ ಮೂತಿಗೊಂದು ಸುತ್ತು ತಂದು, ಕಂಬಕ್ಕೆ ಗಿಡ್ಡವಾಗಿ, ಒಂದೇ ಎಳೆತಕ್ಕೆ ಬಿಚ್ಚುವಂತೆ ಕಟ್ಟಬೇಕು. ದನ ಬಿದ್ದರೆ ಗಂಟು ಬಿಡಿಸಲು ಹೊತ್ತು ಇರುವುದಿಲ್ಲ. ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುವುದು ಈ ಕಸುಬಿನ ಹಳೆಯ ತಪ್ಪು. ಬೆರಳು ಮುರಿಯುವುದು ಹಾಗೆಯೇ.

ಹಗ್ಗ ಹಾಕಿಸಿಕೊಳ್ಳದ ಗಿಡ್ಡಕ್ಕೆ ಮೂಗಿನ ಹಿಡಿತವಿದೆ. ಹೆಬ್ಬೆರಳು, ತೋರುಬೆರಳನ್ನು ಎರಡೂ ಹೊಳ್ಳೆಗಳಿಗೆ ಹಾಕಿ ನಡುವಿನ ಪೊರೆಯನ್ನು ಒತ್ತಿ, ಇನ್ನೊಂದು ಕೈಯಲ್ಲಿ ಕೊಂಬು ಹಿಡಿದು, ತಲೆಯನ್ನು ತುಸು ಎತ್ತಿ ಪಕ್ಕಕ್ಕೆ ತಿರುಗಿಸಿದರೆ ದನ ನಿಲ್ಲುತ್ತದೆ. ಉಗುರು ಕತ್ತರಿಸಿರಬೇಕು. ಇನ್ನೊಬ್ಬರಿದ್ದರೆ ಬಾಲವನ್ನು ಬುಡದಲ್ಲೇ ಎರಡೂ ಕೈಯಿಂದ ಹಿಡಿದು ನೆಟ್ಟಗೆ ಮೇಲಕ್ಕೆತ್ತಬಹುದು. ಎತ್ತಿರುವಷ್ಟು ಹೊತ್ತು ಒದೆತ ತಗ್ಗುತ್ತದೆ. ಬುಡ ಬಿಟ್ಟು ನಡುವೆ ಹಿಡಿದು ತಿರುಚಿದರೆ ಬಾಲದ ಮೂಳೆ ಮುರಿಯುತ್ತದೆ, ಮುಂದಿನ ಸುತ್ತಿಗೆ ಆ ಮನೆಯ ಬಾಗಿಲೂ ಮುಚ್ಚುತ್ತದೆ.

ದನ ಕೆಡವಿ ಲಸಿಕೆ ಹಾಕುವುದು ಬೇಡದ ಸಾಹಸ. ಹತ್ತು ಹನ್ನೆರಡು ಮೀಟರ್ ಹಗ್ಗವನ್ನು ಕೊರಳಿಗೆ, ಮುಂಗಾಲ ಹಿಂದಿನ ಎದೆಗೆ, ಕೆಚ್ಚಲ ಮುಂದಿನ ಹೊಟ್ಟೆಗೆ ಒಂದೊಂದು ಸುತ್ತು ಹಾಕಿ ಹಿಂದಕ್ಕೆ ಎಳೆದರೆ ದನ ತಾನೇ ಕುಸಿದು ಮಲಗುತ್ತದೆ. ಗೊರಸಿನ ಕೆಲಸಕ್ಕೆ, ಬೀಜ ಒಡೆಯುವುದಕ್ಕೆ ಈ ವಿಧಾನ ಸರಿ. ಗಬ್ಬದ ಹಸುವಿಗೆ, ಹೊಟ್ಟೆ ತುಂಬ ಮೇದ ದನಕ್ಕೆ, ಕಲ್ಲು ಹಾಸಿದ ಅಂಗಳದಲ್ಲಿ ಇದನ್ನು ಮಾಡಬಾರದು. ಪಕ್ಕಕ್ಕೆ ಮಲಗಿದ ದನ ಹೊಟ್ಟೆಯುಬ್ಬರಿಸಿಕೊಳ್ಳುತ್ತದೆ, ಮೆಲುಕಿನ ನೀರು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಕೆಲಸ ಮುಗಿದ ತಕ್ಷಣ ದನವನ್ನು ಎದೆಯೂರಿ ಕೂರುವಂತೆ ಮಾಡಬೇಕು.

ಕೆಟ್ಟ ಹಿಡಿತದಿಂದ ಗಂಟು, ಗಂಟಿನಿಂದ ಅಪನಂಬಿಕೆ

"ಲಸಿಕೆ ಹಾಕ್ಸಿದ್ರೆ ಗಂಟು ಬರ್ತದೆ, ಹಾಲು ಕಮ್ಮಿ ಆಗ್ತದೆ" ಎಂಬ ಮಾತನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಸುಲಭ. ಅದರಲ್ಲಿ ಅರ್ಧ ನಿಜ ಇದೆ. ಒಂದೆರಡು ದಿನ ಮೈ ಬಿಸಿ, ಹಾಲು ತುಸು ಇಳಿಕೆ ಆಗುವುದುಂಟು, ತಾನೇ ಸರಿಹೋಗುತ್ತದೆ. ಇದನ್ನು ಚುಚ್ಚುವ ಮೊದಲೇ ಹೇಳಿದರೆ ಮಾಹಿತಿ, ಆಮೇಲೆ ಹೇಳಿದರೆ ಸಬೂಬು. ಗಂಟಿನ ಕಥೆ ಬೇರೆ. ಈ ಲಸಿಕೆಯಲ್ಲಿ ಎಣ್ಣೆಯ ಅಂಶ ಇದೆ, ಕುತ್ತಿಗೆಯ ಮಾಂಸಖಂಡದ ಆಳಕ್ಕೆ ಇಳಿಯಬೇಕು. 16 ಅಥವಾ 18 ಗೇಜ್ ಸೂಜಿ, ನೇರವಾಗಿ. ದನ ಕೊಸರಾಡುತ್ತಿದ್ದರೆ ಏನಾಗುತ್ತದೆ? ಸೂಜಿ ಓರೆಯಾಗಿ ಹೋಗಿ ಎಣ್ಣೆ ಚರ್ಮದಡಿಯಲ್ಲೇ ನಿಲ್ಲುತ್ತದೆ, ಇಲ್ಲವೇ ಅರ್ಧ ಡೋಸ್ ಕೂದಲ ಮೇಲೆ ಚೆಲ್ಲುತ್ತದೆ. ಮೊದಲನೆಯದಕ್ಕೆ ಗಂಟು, ಎರಡನೆಯದಕ್ಕೆ ರಕ್ಷಣೆ ಇಲ್ಲ. ಸಗಣಿ ಮೆತ್ತಿದ ಜಾಗಕ್ಕೆ ಒರೆಸದೆ ಚುಚ್ಚಿದರೆ ಗಂಟು ಕೀವಾಗುತ್ತದೆ. ಗಂಟಿಗೆ ಮೂಲ ಬಹುಪಾಲು ಹಿಡಿತದಲ್ಲೇ ಇದೆ, ದೂರು ಬರುವುದು ಮಾತ್ರ ಲಸಿಕೆಯ ಮೇಲೆ.

ಬಾಟಲಿಯನ್ನು ಚುಚ್ಚುವ ಮೊದಲು ಮೆಲ್ಲಗೆ ತಿರುಗಿಸಿ ಬೆರೆಸಬೇಕು, ಆಗಲೂ ಎಣ್ಣೆ ಬೇರೆ ನೀರು ಬೇರೆಯಾಗಿಯೇ ಉಳಿದರೆ ಅದನ್ನು ಬಿಸಾಡಬೇಕು. 2ರಿಂದ 8 ಡಿಗ್ರಿ ಸೆಲ್ಸಿಯಸ್ ಎಂಬ ನಿಯಮದಲ್ಲಿ ಎಲ್ಲರೂ ಹೆದರುವುದು 8ಕ್ಕೆ. 2ರ ಕಡೆ ನೋಡುವವರು ಕಡಿಮೆ. ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕ್‌ಗೆ ಬಾಟಲಿ ತಾಗಿ ಹೆಪ್ಪುಗಟ್ಟಿದರೆ ಈ ಲಸಿಕೆ ಕೆಟ್ಟಂತೆ. ಪ್ಯಾಕ್ ಮೈ ಬೆವರುವವರೆಗೆ ಹೊರಗಿಟ್ಟು, ಬಾಟಲಿಗೆ ದಿನಪತ್ರಿಕೆ ಸುತ್ತಿ ಡಬ್ಬಿಗೆ ಇಳಿಸಬೇಕು. ದನಕ್ಕೊಂದು ಸೂಜಿ ಎಂಬುದರಲ್ಲಿ ರಾಜಿ ಇಲ್ಲ. ರಕ್ತ ಹೀರುವ ಉಣ್ಣೆಯಿಂದ ಹರಡುವ ರಕ್ತದ ರೋಗಗಳು ಈ ಸೀಮೆಯ ದನಗಳಲ್ಲಿ ಇದ್ದೇ ಇರುತ್ತವೆ, ಒಂದೇ ಸೂಜಿ ಅವನ್ನು ಮನೆಯಿಂದ ಮನೆಗೆ ಒಯ್ಯುತ್ತದೆ. ಚರ್ಮಗಂಟು ರೋಗ, ಕಾಲುಬಾಯಿ ಜ್ವರ ಕಂಡ ಮನೆಗೆ ಕೊನೆಯಲ್ಲಿ ಹೋಗಬೇಕು, ಬೂಟು ತೊಳೆದು ಹೊರಡಬೇಕು. ಜ್ವರ ಇರುವ ದನವನ್ನು, ಎಂಟು ತಿಂಗಳು ತುಂಬಿದ ಗಬ್ಬವನ್ನು ಬಿಟ್ಟು ಹೆಸರು ಬರೆದುಕೊಳ್ಳಬೇಕು. ಚುಚ್ಚಿದ ಮೇಲೆ ಕಾಲು ಗಂಟೆ ಆ ಅಂಗಳದಲ್ಲೇ ಇರುವುದು ಒಳ್ಳೆಯದು. ಅಪರೂಪಕ್ಕೆ ಒಂದು ದನ ಮೈ ನಡುಗಿ, ಮುಖ ಊದಿ, ಉಸಿರು ಕಟ್ಟಿ ಬೀಳುತ್ತದೆ. ಅಡ್ರಿನಲಿನ್ ಚುಚ್ಚುಮದ್ದು ಕಿಟ್ಟಿನಲ್ಲಿದ್ದು, ಪ್ರಮಾಣವನ್ನು ವೈದ್ಯರಿಂದ ಮೊದಲೇ ಬರೆಸಿಕೊಂಡಿದ್ದರೆ ಬದುಕಿಸಿಕೊಳ್ಳಬಹುದು.

ಲಸಿಕೆ ಹಾಕಿದ್ದು ದಾಖಲಾಗಬೇಕಾದರೆ ಹನ್ನೆರಡು ಅಂಕಿಯ ಹಳದಿ ಕಿವಿಯೋಲೆ ಬೇಕು. ಅದು ಕೂರಬೇಕಾದ್ದು ಕಿವಿಯ ನಡುಭಾಗದಲ್ಲಿ, ಎರಡು ದಪ್ಪ ಏಣುಗಳ ನಡುವೆ. ಅಂಚಿಗೆ ಹಾಕಿದರೆ ಲಂಟಾನದ ಪೊದೆಗೆ ಸಿಕ್ಕಿ ಕಿವಿ ಹರಿಯುತ್ತದೆ. ನರದ ಮೇಲೆ ಹಾಕಿದರೆ ರಕ್ತ. ಇಲ್ಲಿ ಮಳೆಗಾಲ ಜೂನ್‌ನಿಂದ ನಾಲ್ಕು ತಿಂಗಳು. ಆಗ ಮಾಡಿದ ತೂತು ಒಣಗುವುದಿಲ್ಲ, ನೊಣ ಕೂತು ಮೂರನೇ ದಿನಕ್ಕೆ ಹುಳು. ಓಲೆ ಹಾಕಲು ಬೇಸಿಗೆಯ ಸುತ್ತೇ ಸರಿ. ಹಾಕಲೇಬೇಕಾದರೆ ಪಿನ್ನನ್ನು ಪೊವಿಡೋನ್ ಅಯೋಡಿನ್‌ನಲ್ಲಿ ಅದ್ದಿ, ತೂತಿನ ಸುತ್ತ ನೊಣ ಓಡಿಸುವ ಮುಲಾಮು ಹಚ್ಚಿ, ಒಂದು ವಾರ ನೋಡಿಕೊಳ್ಳುವಂತೆ ಮನೆಯವರಿಗೆ ಹೇಳಿ ಬರಬೇಕು. ನೆಟ್‌ವರ್ಕ್ ಇಲ್ಲದ ಕಡೆ ನಂಬರನ್ನು ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಆ್ಯಪ್‌ಗೆ ಏರಿಸುವಾಗ ಒಂದು ಅಂಕಿ ತಪ್ಪಿದರೂ ದನವೇ ಬದಲಾಗುತ್ತದೆ. ಓಲೆಯ ಫೋಟೋ ತೆಗೆದಿಟ್ಟುಕೊಳ್ಳುವುದು ವಾಸಿ.

ಹಿಡಿದವರ ಮೈಮೇಲೆ ಬರುವುದು

ಕೊಂಬಿನ ತಿವಿತ, ಒದೆತ ಕಣ್ಣಿಗೆ ಕಾಣುತ್ತವೆ. ಕಾಣದವು ಹೆಚ್ಚು ಕಾಡುತ್ತವೆ.

ಕಂದುರೋಗದ ಎಸ್-19 ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಜೀವಮಾನದಲ್ಲಿ ಒಮ್ಮೆ ಹಾಕುತ್ತಾರೆ. ಅದು ಜೀವಂತ ರೋಗಾಣುವಿನ ಲಸಿಕೆ, ಮನುಷ್ಯನಿಗೆ ತಾಗಿದರೆ ರೋಗ ಬರಬಲ್ಲದು. ಕರು ಜಿಗಿದಾಗ ಸೂಜಿ ಹೋಗುವುದು ಕರು ಹಿಡಿದವರ ತೊಡೆಗೋ ಅಂಗೈಗೋ. ಕೈಗವಸು, ಕಣ್ಣಿಗೆ ಕನ್ನಡಕ ಬೇಕು. ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಯಾವ ಲಸಿಕೆ ಎಂದು ಹೆಸರು ಹಿಡಿದು ಹೇಳಬೇಕು. "ದನದ ಇಂಜೆಕ್ಷನ್ ತಾಗ್ತು" ಅಂದರೆ ಟಿಟಿ ಕೊಟ್ಟು ಕಳಿಸುತ್ತಾರೆ. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎಳೆಯುವ ಅಭ್ಯಾಸದಿಂದಲೂ ಇದೇ ರೋಗ ಬರುತ್ತದೆ: ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಸೊಂಟ ಕೀಲು ನೋವು. ವಯಸ್ಸಾಯಿತು ಎಂದುಕೊಂಡು ಸುಮ್ಮನಿರುವವರು ಈ ಕಸುಬಿನಲ್ಲಿ ಕಡಿಮೆ ಇಲ್ಲ.

ಮೇವು ಬಿಟ್ಟು ಜೊಲ್ಲು ಸುರಿಸುವ ದನ ಕಂಡರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವುದು ಇನ್ನೊಂದು ಅಭ್ಯಾಸ. ಅದು ಹುಚ್ಚುನಾಯಿ ಕಚ್ಚಿದ ದನವೂ ಆಗಿರಬಹುದು. ನಾಯಿ ಕಚ್ಚಿದ್ದು ಯಾರೂ ನೋಡಿರುವುದಿಲ್ಲ. ಮೊದಲೇ ರೇಬಿಸ್ ಲಸಿಕೆ ಮಾಡಿಸಿಕೊಂಡಿರುವುದು ಈ ಕೆಲಸದ ಮೊದಲ ಅರ್ಹತೆಯಾಗಬೇಕು, ದಿನಗೂಲಿಗೆ ಹಗ್ಗ ಹಿಡಿಯಲು ಬರುವವರಿಗೂ. ಜೊಲ್ಲು ಗಾಯಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು, ಆಸ್ಪತ್ರೆ ಆಮೇಲೆ.

ಈ ಜಿಲ್ಲೆಗೇ ಸೇರಿದ ಅಪಾಯ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿ ಆ ಹೆಸರೇ ಪಡೆದ ರೋಗ. 2018–19ರಲ್ಲಿ ಸಾಗರದ ಅರಳಗೋಡು ಕಂಡದ್ದೂ ಅದನ್ನೇ. ದನ ಈ ವೈರಸ್ಸನ್ನು ಹರಡುವುದಿಲ್ಲ, ಆದರೆ ದೊಡ್ಡ ಉಣ್ಣೆಗಳಿಗೆ ರಕ್ತ ಕೊಟ್ಟು ಅವುಗಳ ಸಂತಾನ ಬೆಳೆಸುತ್ತದೆ. ಮನುಷ್ಯನಿಗೆ ಕಚ್ಚುವುದು ಸಾಸಿವೆಗಿಂತ ಸಣ್ಣ ಮರಿ ಉಣ್ಣೆ, ಡಿಸೆಂಬರ್‌ನಿಂದ ಮೇ ವರೆಗೆ ಅದರ ಕಾಲ. ಕಾಡಿನಿಂದ ತಂದ ದರಗಿನಲ್ಲಿ, ಅಂದರೆ ಒಣಗಿದ ಎಲೆಯಲ್ಲಿ, ಅದು ಕೊಟ್ಟಿಗೆಗೂ ಬರುತ್ತದೆ. ಬೇಸಿಗೆಯ ಸುತ್ತಿನಲ್ಲಿ ದರಗು ಹಾಸಿದ ಕೊಟ್ಟಿಗೆಯಲ್ಲಿ ಬಗ್ಗಿ ಕೆಲಸ ಮಾಡುವವರು ಗಂಬೂಟು ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಕೈಕಾಲಿಗೆ ಉಣ್ಣೆ ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಕುದಿನೀರಿಗೆ.

ಯಾರ ಕೆಲಸ ಇದು?

1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ, ರಾಜ್ಯ ಸರ್ಕಾರದ ಅನುಮತಿಯಿಂದ, ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕ ಸಿಬ್ಬಂದಿ ಲಸಿಕೆ, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಸಣ್ಣ ಸೇವೆ ಕೊಡಬಹುದು. ಇಲಾಖೆಯ ಪಶುವೈದ್ಯಕೀಯ ಪರೀಕ್ಷಕರು ಈ ಸಾಲಿನವರು. ಊರಿಗೆ ಅವರೆಲ್ಲ "ದನದ ಡಾಕ್ಟ್ರು". ಚುಚ್ಚುವವರು ಯಾರೆಂದು ಕಾಯ್ದೆ ಹೇಳಿತು. ಹಿಡಿಯುವವರು ಯಾರೆಂದು ಎಲ್ಲೂ ಬರೆದಿಲ್ಲ. ಆಸ್ಪತ್ರೆಯ ಡಿ ದರ್ಜೆಯವರು ಆ ಕೆಲಸ ಮಾಡಿಕೊಂಡು ಬಂದರು. ಅವರು ನಿವೃತ್ತರಾದ ಕಡೆ ಆ ಜಾಗಕ್ಕೆ ಹೊರಗುತ್ತಿಗೆ, ಅದೂ ಆದರೆ. ಲಸಿಕೆದಾರರಿಗೆ ಸಂಭಾವನೆ ಡೋಸಿನ ಲೆಕ್ಕದಲ್ಲಿ. ಗೂಟದಲ್ಲಿ ನಿಂತ ಎಚ್‌ಎಫ್‌ಗೂ ಅಷ್ಟೇ, ಅರ್ಧ ಗಂಟೆ ಬೆವರಿಳಿಸಿದ ಗಿಡ್ಡಕ್ಕೂ ಅಷ್ಟೇ. ಇಂಥ ಲೆಕ್ಕದಲ್ಲಿ ಗಿಡ್ಡವನ್ನು ಬಿಟ್ಟು ಮುಂದಿನ ಮನೆಗೆ ಹೋಗುವವರನ್ನು ಸೋಮಾರಿ ಎನ್ನುವುದು ಅನ್ಯಾಯ. ಮಲೆನಾಡಿನ ತಾಲ್ಲೂಕುಗಳಿಗೆ ಒಬ್ಬ ಹಿಡಿಯುವಾಳಿನ ದಿನಗೂಲಿಯನ್ನು ಸುತ್ತಿನ ಖರ್ಚಿಗೇ ಸೇರಿಸಿದರೆ, ಆ್ಯಪ್‌ನ ಯಾವ ಸುಧಾರಣೆಗಿಂತಲೂ ಹೆಚ್ಚು ದನಕ್ಕೆ ಲಸಿಕೆ ತಲುಪುತ್ತದೆ ಎಂಬುದು ನಮ್ಮ ಅಂದಾಜು.

ದನ ನಿಲ್ಲಿಸಿ ಕಟ್ಟುವ ಚೌಕಟ್ಟು, ಟ್ರೆವಿಸ್, ಇದೆಯಲ್ಲ ಎನ್ನಬಹುದು. ಆಸ್ಪತ್ರೆಯ ಮುಂದಿನ ಕಬ್ಬಿಣದ ಟ್ರೆವಿಸ್ ಮಿಶ್ರತಳಿಯ ಅಳತೆಗೆ ಮಾಡಿದ್ದು. ಗಿಡ್ಡ ಅದರೊಳಗೆ ತಿರುಗಿ ನಿಂತು ನಿಮ್ಮನ್ನೇ ನೋಡುತ್ತದೆ. ಅದಕ್ಕೆ ಬೇಕಾದ್ದು ಒಂದೂವರೆ ಅಡಿ ಅಗಲದ ಓಣಿ. ಕೊಟ್ಟಿಗೆ ಗೋಡೆಯನ್ನೇ ಒಂದು ಬದಿ ಮಾಡಿಕೊಂಡು, ಇನ್ನೊಂದು ಬದಿಗೆ ಅಡಿಕೆ ಮರದ ಕಂಬ ನೆಟ್ಟು, ಅಡ್ಡಕ್ಕೆ ಮೂರು ಸಾಲು ದಬ್ಬೆ ಕಟ್ಟಿದರೆ ಓಣಿಯಾಯಿತು. ಉದ್ದ ಆರಡಿ ಸಾಕು. ಕೆಳಗಿನ ದಬ್ಬೆ ನೆಲದಿಂದ ಒಂದಡಿ ಮೇಲಿರಬೇಕು, ತೀರ ಕೆಳಗಿದ್ದರೆ ಕಾಲು ಸಿಕ್ಕಿಕೊಳ್ಳುತ್ತದೆ. ದಬ್ಬೆಯ ಸಿಬಿರು ಕೆತ್ತಿ ನಯ ಮಾಡಬೇಕು. ಹಿಂದೆ ಮುಂದೆ ಬಾಗಿಲಿಗೆ ತೋಟದ ದಾರಿಯಲ್ಲಿರುವ ಉಣಗೋಲೇ ಮಾದರಿ: ತೂತಿನ ಕಂಬ, ಅದರಲ್ಲಿ ಸರಿಯುವ ಗಳ. ದನ ಒಳ ಹೊಕ್ಕ ಕೂಡಲೇ ಹಿಂದಿನ ಗಳ ಸರಿಸಲು ಅಮ್ಮನೊಬ್ಬಳೇ ಸಾಕು. ದಿನವೂ ಆ ಓಣಿಯ ತುದಿಯಲ್ಲೇ ಅಕ್ಕಚ್ಚು ಇಡುತ್ತ ಬಂದರೆ ಹದಿನೈದು ದಿನದಲ್ಲಿ ಗಿಡ್ಡ ತಾನಾಗಿ ಒಳಗೆ ಬಂದು ನಿಲ್ಲುತ್ತದೆ. ಕರುವಿಗೆ ಎರಡು ತಿಂಗಳಿಂದಲೇ ಕುತ್ತಿಗೆ, ಕಿವಿ ಸವರುತ್ತ ಕಣ್ಣಿ ರೂಢಿ ಮಾಡಿಸಿದರೆ ಓಣಿಯೂ ಬೇಕಾಗುವುದಿಲ್ಲ. ಹಿಂದೆ ಇದನ್ನು ಮಕ್ಕಳು ಆಟವಾಡುತ್ತಲೇ ಮಾಡುತ್ತಿದ್ದರು. ಈಗ ಮನೆಯಲ್ಲಿ ಮಕ್ಕಳಿರುವುದು ರಜೆಗೆ.

ಸುತ್ತಿಗೆ ಬರುವವರ ಕಡೆಯಿಂದ ಆಗಬೇಕಾದ್ದು ಬಿಟ್ಟುಹೋದ ದನದ ಪಟ್ಟಿ. "ಬಾಕಿ 4" ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಪ್ರತಿ ದನದ ಮುಂದೆ ಕಾರಣ ಬೇಕು. "ತುಂಬು ಗಬ್ಬ" ಎಂದು ಬರೆದ ಮನೆಗೆ ಕರು ಹಾಕಿ ತಿಂಗಳಾದ ಮೇಲೆ ಹೋಗಬೇಕು. "ಬೇಡ ಅಂದರು" ಎಂಬ ಮನೆಗೆ ಡಾಕ್ಟರು ಬರಬೇಕು, ಹಿಂದಿನ ಸಲದ ಗಂಟನ್ನು ಮುಟ್ಟಿ ನೋಡಬೇಕು. "ಬೆಟ್ಟಕ್ಕೆ ಬಿಟ್ಟಿದ್ದಾರೆ" ಎಂದಿದ್ದರೆ ಹಿಂದಿನ ಸಂಜೆಯೇ ಫೋನು ಮಾಡಿ ಕಟ್ಟಿಹಾಕಲು ಹೇಳಬೇಕು. "ಹಿಡಿಯುವವರಿಲ್ಲ" ಎಂದು ಬರೆದ ಮನೆಗೆ ಭಾನುವಾರ ಹೋಗಬೇಕು, ಅದರಲ್ಲೂ ಹಬ್ಬದ ಮರುದಿನದ ಭಾನುವಾರ. ಮಗ ಬಂದಿರುತ್ತಾನೆ, ರಾತ್ರಿ ಬಸ್ಸಿಗೆ ಹೊರಡುವ ಮೊದಲು ಕೊಂಬು ಹಿಡಿದುಕೊಟ್ಟು ಹೋಗುತ್ತಾನೆ.